ಬೈನಾಕ್ಯುಲರ್ ಇಲ್ದೇನೂ ಶುರು ಮಾಡ್ಬಹುದು
ಬೈನಾಕ್ಯುಲರ್ ಇಲ್ಲ, ಫೀ ಕಟ್ಟೋಕೂ ಆಗಲ್ಲ, ಇಂಥ ಹುಡುಗ್ರನ್ನ ವನ್ಯಜೀವಿ ಕೆಲಸಕ್ಕೆ ಹೇಗೆ ಸೇರಿಸೋದು ಅಂತ ಕೇಳಿದೀರಲ್ಲ, ನನ್ನ ಪ್ರಕಾರ ಬೈನಾಕ್ಯುಲರ್ ಆಮೇಲಿನ ಮಾತು, ಮೊದಲು ಅಡ್ಡ ಬರೋದು ಬಸ್ ಚಾರ್ಜು ಮತ್ತೆ ಹಸಿದ ಹೊಟ್ಟೆ, ಅದನ್ನ ನೀವು ನೋಡ್ಕೊಂಡ್ರೆ ಅರ್ಧ ಕೆಲಸ ಆದಂಗೆ. ಗುಂಪಿಗೊಂದು ಫೋನ್ ಸಾಕು. ಮರ್ಲಿನ್ ಆಪ್ ಫ್ರೀ, ಹಕ್ಕಿ ಕೂಗು ಕೇಳಿಸಿದ್ರೆ ಹೆಸರು ಹೇಳತ್ತೆ (ಒಂದೊಂದ್ಸಲ ತಪ್ಪೂ ಹೇಳತ್ತೆ, ಕಣ್ಣಲ್ಲಿ ನೋಡಿ ಖಾತ್ರಿ ಮಾಡ್ಕೊಳ್ಳಿ). ಪ್ರತಿ ಫೆಬ್ರವರಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ಹಕ್ಕಿ ಎಣಿಸೋ ಕಾರ್ಯಕ್ರಮ 4 ದಿನ ನಡೆಯತ್ತೆ, 15 ನಿಮಿಷ ಎಣಿಸಿದ್ರೂ ಲೆಕ್ಕಕ್ಕೆ ತಗೋತಾರೆ. ಇನ್ನೊಂದು, ದಯವಿಟ್ಟು ಬರೀ ಕಸ ಹೆಕ್ಸೋಕೆ ಕರ್ಕೊಂಡ್ ಹೋಗ್ಬೇಡಿ, ಎರಡನೇ ವಾರಕ್ಕೆ ಯಾರೂ ಬರಲ್ಲ, ಎಣಿಸೋದು ಪಟ್ಟಿ ಬರೆಯೋದು ಎಲ್ಲ ಅವರ ಕೈಗೇ ಕೊಡಿ.