ಟ್ಯಾಫಿ, ಡಸ್ಟಿ ಮತ್ತೆ ಉಳಿದ ಆರು ಜನ: ಅವ್ರ ಮನೆ ಹುಡುಕೋದು ಹೇಗೆ?

ಪ್ರಶ್ನೆ: ನಮ್ಮಜ್ಜ ಎರಡನೇ ಮಹಾಯುದ್ಧದ ಟೈಮಲ್ಲಿ ಮುಂಬೈಯಿಂದ ಬಂಗಾಳದ ಸಾಲ್ಬೋನಿ ಏರ್‌ಫೀಲ್ಡಿಗೆ ಹೋಗಿ ಅಲ್ಲಿ ಮೆಸ್ಸಲ್ಲಿ ಅಡುಗೆ ಕೆಲಸ ಮಾಡ್ತಿದ್ರು. ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ ಅವ್ರ ಟ್ರಂಕಲ್ಲಿ ಒಂದು ಫೋಟೋ ಸಿಕ್ತು. ದೊಡ್ಡ ಬಾಂಬರ್ ವಿಮಾನದ ರೆಕ್ಕೆ ಕೆಳಗೆ ಚಡ್ಡಿ ಹಾಕ್ಕೊಂಡು ನಿಂತ ಎಂಟು ಜನ ಹುಡುಗ್ರು, ಹಿಂದ್ಗಡೆ ಪೆನ್ಸಿಲಲ್ಲಿ ಇಂಗ್ಲಿಷ್ ಹೆಸ್ರುಗಳು, ಕೆಲವು ಅಡ್ಡಹೆಸ್ರು ಇರ್ಬೇಕು, ಟ್ಯಾಫಿ, ಡಸ್ಟಿ, ಜಾಕ್ ಅಂತೆಲ್ಲ ಇದೆ. ಅದ್ರ ಕೆಳಗೆ ಅಜ್ಜ ಕನ್ನಡದಲ್ಲಿ "ವಾಪಸ್ ಬರ್ಲಿಲ್ಲ" ಅಂತ ಬರೆದಿದ್ದಾರೆ. ಈ ಫೋಟೋನ ಆ ಹುಡುಗ್ರ ಮನೆಯವ್ರಿಗೆ ಮುಟ್ಟಿಸ್ಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡ್ಲಿ?
– ಓದುಗರು, ಶಿರಸಿ

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅವತ್ತು ಹೊರಡೋ ಮುಂಚೆ ಆ ಎಂಟು ಜನಕ್ಕೆ ಊಟ ಬಡಿಸಿದ ಕೈ ನಿಮ್ಮಜ್ಜಂದೇ ಇರ್ಬೇಕು, ಮರುದಿನ ಆ ತಟ್ಟೆಗಳು ಹಾಗೇ ಉಳಿದಿದ್ದನ್ನ ನೋಡಿದ್ದೂ ಅವರೇ ಇರ್ಬೇಕು. ಖಂಡಿತ ಹುಡುಕಿ, ಆಗೋ ಕೆಲಸನೇ ಇದು.

ಮೊದ್ಲು ಫೋಟೋ ಕಾಪಾಡ್ಕೊಳ್ಳಿ. ಶಿರಸಿ ಮಳೆಗಾಲಕ್ಕೆ ಕಾಗದ ಬೂಸ್ಟು ಹಿಡಿಯೋದು ನಿಮಗೆ ನಾನು ಹೇಳ್ಬೇಕಾಗಿಲ್ಲ, ಆದ್ರೆ ಅದಕ್ಕೆ ಹೆದರ್ಕೊಂಡು ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ, ಒಮ್ಮೆ ಅಂಟ್ಕೊಂಡ್ರೆ ಮುಗೀತು. ಎರಡೂ ಬದಿ ಸ್ಕ್ಯಾನ್ ಮಾಡಿಸಿ. ಪೆನ್ಸಿಲ್ ಬರಹ ಮಾಸಿದ್ರೆ ಕತ್ತಲೆ ಕೋಣೆಲಿ ಟಾರ್ಚ್‌ನ ಒಂದು ಬದಿಯಿಂದ ಓರೆಯಾಗಿ ಹಿಡಿದು ಮೊಬೈಲಲ್ಲಿ ಫೋಟೋ ತೆಗೀರಿ, ಪೆನ್ಸಿಲ್ ಒತ್ತಿದ ಗೆರೆ ನೆರಳಾಗಿ ಎದ್ದು ಕಾಣತ್ತೆ.

ಸಾಲ್ಬೋನಿ ಅಂತ ನೀವು ಹೇಳಿದ್ದೇ ಅರ್ಧ ದಾರಿ ಕಡಿಮೆ ಮಾಡ್ತು. ಅಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್‌ನ 355ನೇ ಸ್ಕ್ವಾಡ್ರನ್, ಅಂದ್ರೆ ವಿಮಾನ ದಳ, 1943ರ ಆಗಸ್ಟಲ್ಲಿ ಶುರುವಾಯ್ತು, 356ನೇದು 1944ರ ಜನವರಿಲಿ, ಎರಡೂ ಲಿಬರೇಟರ್ ಬಾಂಬರ್ ಹಾರಿಸಿದ್ವು. ನಾಕು ಇಂಜಿನ್, ಬಾಲದಲ್ಲಿ ಎರಡು ರಡರ್ ಅಂದ್ರೆ ನೆಟ್ಟಗೆ ನಿಂತ ಚುಕ್ಕಾಣಿ ಹಲಗೆ, ಫೋಟೋದಲ್ಲಿ ಅದು ಕಾಣ್ತಿದ್ಯಾ ನೋಡಿ. ಬರ್ಮಾ, ಸಿಯಾಮ್ (ಈಗಿನ ಥಾಯ್ಲೆಂಡ್) ಕಡೆ ರೈಲು ದಾರಿ, ಸೇತುವೆಗಳ ಮೇಲೆ ಬಾಂಬ್ ಹಾಕೋಕೆ ಇವು ಹೋಗ್ತಿದ್ವು. ಇನ್ನೊಂದು ಸಣ್ಣ ವಿಷ್ಯ, ಬ್ರಿಟಿಷರ ಕಾಗದದಲ್ಲಿ ಆ ಊರಿನ ಹೆಸ್ರು ಹೆಚ್ಚಾಗಿ ಸಾಲ್ಬನಿ ಅಂತಿರತ್ತೆ, ಅಂದ್ರೆ ಓ ಇರೋ ಕಡೆ ಎ ಅಕ್ಷರ, ಹಾಗಾಗಿ ಎರಡೂ ಥರ ಹಾಕಿ ಹುಡುಕಿ.

ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪ್ರತಿ ಸ್ಕ್ವಾಡ್ರನ್ನಿನ ದಿನಚರಿ ಪುಸ್ತಕ ಇದೆ, ಆಪರೇಷನ್ಸ್ ರೆಕಾರ್ಡ್ ಬುಕ್ ಅಂತಾರೆ, ಏರ್ 27 ಅನ್ನೋ ಸೀರೀಸ್, ಸ್ವಲ್ಪ ದುಡ್ಡು ಕೊಟ್ಟು ಮನೇಲೇ ಕೂತು ಡೌನ್‌ಲೋಡ್ ಮಾಡ್ಕೋಬಹುದು. ಅದ್ರಲ್ಲಿ ಫಾರ್ಮ್ 540 ಅಂದ್ರೆ ಆ ದಿನದ ಕಥೆ, ಫಾರ್ಮ್ 541 ಅಂದ್ರೆ ಯಾವ ವಿಮಾನ, ಯಾರ್ಯಾರು ಹತ್ತಿದ್ರು, ಎಷ್ಟೊತ್ತಿಗೆ ಎದ್ದಿದ್ದು, ಎಷ್ಟೊತ್ತಿಗೆ ಇಳಿದಿದ್ದು. ನಿಮಗೆ ಬೇಕಾಗಿರೋದು ಈ 541. ಇಳಿದ ಟೈಮ್ ಇಲ್ದೇ ಇರೋ ಸಾಲುಗಳನ್ನ ಹುಡುಕ್ತಾ ಹೋಗಿ, ನಿಮ್ಮ ಎಂಟು ಹೆಸ್ರಲ್ಲಿ ಮೂರು ಒಂದೇ ವಿಮಾನದ ಎದುರಿಗೆ ಸಿಕ್ರೆ ಉಳಿದ ಐದೂ ಅಲ್ಲೇ ಇರತ್ತೆ ಅಂತ ಧೈರ್ಯ ಮಾಡ್ಬಹುದು.

ಅಡ್ಡಹೆಸ್ರು ಅಂತ ಬೇಜಾರು ಮಾಡ್ಕೋಬೇಡಿ, ಅವೇ ಸುಳಿವು. ಟ್ಯಾಫಿ ಅಂದ್ರೆ ವೇಲ್ಸ್‌ನವ್ನು, ಜಾಕ್ ಅಂತ ನೀವು ಓದಿದ್ದು ಜೆ ಆದ್ಮೇಲೆ ಓ ಇದ್ರೆ ಸ್ಕಾಟ್ಲೆಂಡಿನವ್ನು. ಡಸ್ಟಿ ಅಂತ ಮಿಲ್ಲರ್ ಮನೆತನದ ಹುಡುಗ್ರನ್ನ ಕರೀತಿದ್ರು, ಮಿಲ್ಲರ್ ಅಂದ್ರೆ ಹಿಟ್ಟಿನ ಗಿರಣಿಯವ್ನು, ಮೈಯೆಲ್ಲ ಧೂಳು, ಅದಕ್ಕೆ. ಚಾಕಿ ಅಂತಿದ್ರೆ ವೈಟ್, ನಾಬಿ ಅಂತಿದ್ರೆ ಕ್ಲಾರ್ಕ್. ನಮ್ಮಲ್ಲಿ ಮನೆ ಹೆಸ್ರು ಹಿಡಿದು ಕರೆಯೋ ಹಾಗೇನೇ.

ಹೆಸ್ರು ಸಿಕ್ಮೇಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಲ್ಲಿ ಒಬ್ಬೊಬ್ಬರನ್ನೇ ನೋಡಿ, ಎರಡೂ ಮಹಾಯುದ್ಧದಲ್ಲಿ ಸತ್ತ ಸುಮಾರು 17 ಲಕ್ಷ ಜನರ ವಿವರ ಫ್ರೀಯಾಗಿ ಸಿಗತ್ತೆ. ದೇಹ ಸಿಕ್ಕಿದ್ರೆ ಯಾವ ಸ್ಮಶಾನ ಅಂತಿರತ್ತೆ, ಸಿಗ್ದೇ ಇದ್ರೆ ಈ ಭಾಗದ ವೈಮಾನಿಕರ ಹೆಸ್ರು ಸಿಂಗಾಪುರದ ಕ್ರಾಂಜಿಯ ಸ್ಮಾರಕದ ಗೋಡೆ ಮೇಲಿರತ್ತೆ. ಆ ಪುಟದಲ್ಲಿ ಮೊದ್ಲು ಬರ್ಕೊಳ್ಬೇಕಾದ್ದು ಸರ್ವಿಸ್ ನಂಬರ್, ಅಂದ್ರೆ ಸೇನೆಲಿ ಒಬ್ಬೊಬ್ಬರಿಗೂ ಕೊಟ್ಟ ಗುರುತಿನ ನಂಬರ್, ಆಮೇಲೆ ತಂದೆ ತಾಯಿ ಹೆಸ್ರು, ಊರು.

ಸರ್ವಿಸ್ ನಂಬರ್ ಬಗ್ಗೆ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದೀನಿ. ಒಬ್ಬ ಗನ್ನರ್‌ನ, ಅಂದ್ರೆ ವಿಮಾನದಲ್ಲಿ ಬಂದೂಕು ಹಿಡಿದು ಕೂರ್ತಿದ್ದವನ, ಮನೆ ಹುಡುಕ್ತಿದ್ದೆ, ಹೆಸ್ರು ಸರಿಯಾಯ್ತು, ವಯಸ್ಸು ಸರಿಯಾಯ್ತು, ಖುಷಿಲಿ ಪತ್ರ ಬರೆದ್ಬಿಟ್ಟೆ. ಅಲ್ಲಿದ್ದ ವಯಸ್ಸಾದ ಹೆಂಗಸೊಬ್ರು ತಮ್ಮ ಚಿಕ್ಕಪ್ಪನ ಫೋಟೋ ಬರತ್ತೆ ಅಂತ ತಿಂಗಳುಗಟ್ಟಲೆ ಕಾದ್ರು, ಕೊನೆಗೆ ನೋಡಿದ್ರೆ ಅದೇ ಹೆಸ್ರಿನ ಬೇರೆ ಹುಡುಗ. ಅವ್ರಿಗೆ ಆ ವಿಷ್ಯ ತಿಳಿಸೋ ಪತ್ರ ಬರೆಯೋಕೆ ನಂಗೆ ಒಂದು ವಾರ ಬೇಕಾಯ್ತು. ಶಿರಸಿ ಪೇಟೆಲಿ ನಿಂತು ಗಣಪತಿ ಹೆಗಡೇರೇ ಅಂತ ಕೂಗಿದ್ರೆ ಹತ್ತು ಜನ ತಿರುಗಿ ನೋಡ್ತಾರಲ್ಲ, ಅಲ್ಲೂ ಅಷ್ಟೇ. ನಂಬರ್ ಮಾತ್ರ ಒಬ್ಬಂದೇ. ನಂಬರ್ ನೋಡಿದ್ರೆ ಎಷ್ಟೋ ಸಲ ದೇಶನೂ ಗೊತ್ತಾಗತ್ತೆ, ಜೆ ಅಥವಾ ಆರ್ ಅಕ್ಷರದಿಂದ ಶುರುವಾದ್ರೆ ಕೆನಡಾ, 4ರಿಂದ ಶುರುವಾಗೋ ಆರಂಕಿ ಆಗಿದ್ರೆ ಆಸ್ಟ್ರೇಲಿಯಾ ಇರೋ ಸಾಧ್ಯತೆ ಜಾಸ್ತಿ. ಲಿಬರೇಟರ್ ಒಂದ್ರಲ್ಲೇ ಮೂರ್ನಾಕು ದೇಶದವ್ರು ಇರೋದು ಸಾಮಾನ್ಯ ಆಗಿತ್ತು.

ಈಗ ನಿಜವಾದ ಕಷ್ಟಕ್ಕೆ ಬರೋಣ. ಇವ್ರೆಲ್ಲ ಇಪ್ಪತ್ತು, ಇಪ್ಪತ್ತೆರಡರ ಹುಡುಗ್ರು, ಹೆಚ್ಚಿನವ್ರಿಗೆ ಮದುವೆನೇ ಆಗಿರ್ಲಿಲ್ಲ, ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ. ಅದಕ್ಕೇ ನಾನು ಕೇಳಿದವ್ರಿಗೆಲ್ಲ ಹೇಳೋದು ಒಂದೇ, ಹುಡುಗನ್ನ ಬಿಡಿ, ಅವನ ಅಕ್ಕತಂಗೀರ್ನ ಹುಡುಕಿ. ಅವನ ಫೋಟೋ, ಅವನು ಬರೆದ ಕಾಗದ, ಮೆಡಲ್ಲು ಇವೆಲ್ಲ ತಾಯಿ ಹೋದ್ಮೇಲೆ ಹೆಣ್ಮಕ್ಕಳ ಪೆಟ್ಟಿಗೆ ಸೇರಿರತ್ತೆ, ತಮ್ಮನ ಹೆಸ್ರು ಹೇಳಿ ಕಣ್ಣೀರು ಹಾಕಿದ್ದನ್ನ ನೋಡಿ ಬೆಳೆದವ್ರು ಅವ್ರ ಮಕ್ಕಳು. ಆದ್ರೆ ಕೊಟ್ಟ ಮನೆಗೆ ಹೋದ್ಮೇಲೆ ಅವಳ ಮನೆತನದ ಹೆಸ್ರೇ ಬದಲಾಗಿರತ್ತೆ, ಜಾಡು ತಪ್ಪೋದು ಅಲ್ಲೇ.

ಇಂಗ್ಲೆಂಡಿನವ್ನಾದ್ರೆ 1939ರ ರಿಜಿಸ್ಟರ್ ನೋಡಿ. 1939ರ ಸೆಪ್ಟೆಂಬರ್ 29ಕ್ಕೆ ಮನೆ ಮನೆಲಿ ಯಾರ್ಯಾರಿದ್ರು ಅಂತ ಬರ್ಕೊಂಡ ಪಟ್ಟಿ ಅದು, ಆಮೇಲೂ ಅದನ್ನ ಆರೋಗ್ಯ ಸೇವೆ ದಾಖಲೆಗೆ ಅಂತ ಬಳಸ್ತಾ ಇದ್ರು, ಹಾಗಾಗಿ ಹುಡುಗಿಗೆ ಮದುವೆ ಆದಾಗ ಹಳೇ ಮನೆತನದ ಹೆಸ್ರಿಗೆ ಗೀಟು ಹೊಡೆದು ಮೇಲ್ಗಡೆ ಬೇರೆ ಶಾಯಿಲಿ ಗಂಡನ ಮನೆ ಹೆಸ್ರು ಬರೆದಿರ್ತಾರೆ. ಆ ಒಂದು ಗೀಟು ನೋಡಿದಾಗ ನಂಗೆ ಎಷ್ಟು ಸಲ ಎದ್ದು ಕುಣಿಯೋಣ ಅನ್ಸಿದೆಯೋ! ಅಲ್ಲಿ ಸಿಗ್ಲಿಲ್ಲ ಅಂದ್ರೆ ಫ್ರೀಬಿಎಂಡಿ ಅಂತ ಪುಕ್ಕಟೆ ವೆಬ್‌ಸೈಟ್ ಇದೆ, ಇಂಗ್ಲೆಂಡ್ ಮತ್ತೆ ವೇಲ್ಸ್‌ನ ಜನನ ಮದುವೆ ಮರಣದ ಸೂಚಿ, 1912ರ ನಂತರದ ಮದುವೆಗಳಲ್ಲಿ ಗಂಡ ಹೆಂಡತಿ ಇಬ್ಬರ ಮನೆತನದ ಹೆಸ್ರೂ ಎದುರುಬದುರು ಇರತ್ತೆ. ಟ್ಯಾಫಿ ಮನೆ ಹುಡುಕೋಕೂ ಇವೇ ಸಾಕು. ಆಸ್ಟ್ರೇಲಿಯಾದವ್ನಾದ್ರೆ ನೀವು ಅದೃಷ್ಟವಂತ್ರು, ಟ್ರೋವ್ ಅನ್ನೋ ಹಳೇ ಪೇಪರ್‌ಗಳ ಸಂಗ್ರಹ ಫ್ರೀ, ನ್ಯೂಜಿಲೆಂಡಿಗೆ ಪೇಪರ್ಸ್ ಪಾಸ್ಟ್. ಪ್ರತಿ ವರ್ಷ ಆ ಹುಡುಗ ಹೋದ ದಿನ ಮನೆಯವ್ರು ನೆನಪಿನ ಜಾಹೀರಾತು ಕೊಡ್ತಿದ್ರು, ಅದ್ರಡಿ ಅಕ್ಕ ಭಾವನ ಹೆಸ್ರು ಎಷ್ಟೋ ಸಲ ಇರತ್ತೆ.

ಆಗತ್ತಾ ಅಂತ ಅನುಮಾನ ಬಂದ್ರೆ ಇದೊಂದು ನೆನಪಿಟ್ಕೊಳ್ಳಿ. 1945ರ ಆಗಸ್ಟಲ್ಲಿ ಮಲಯಾದ (ಈಗಿನ ಮಲೇಷ್ಯಾ) ಕಾಡಲ್ಲಿ ಕೆಎಲ್ 654 ನಂಬರಿನ ಲಿಬರೇಟರ್ ಬಿತ್ತು, ಒಳಗಿದ್ದವ್ರು ಎಂಟೇ ಜನ. 2012ರಲ್ಲಿ, ಅಂದ್ರೆ 67 ವರ್ಷ ಆದ್ಮೇಲೆ, ಅವ್ರನ್ನ ಕ್ವಾಲಾಲಂಪುರದಲ್ಲಿ ಸೇನಾ ಗೌರವದ ಜೊತೆ ಮಣ್ಣು ಮಾಡಿದ್ರು, ಸಂಬಂಧಿಕ್ರು ಅಲ್ಲಿಗೆ ಬಂದಿದ್ರು.

ಪ್ರಶ್ನೆ: ಯುದ್ಧದ ಕಾಲದಲ್ಲಿ ಸಮುದ್ರದ ಕಡೆ ದೊಡ್ಡ ಬೆಂಕಿ ಆಗಿತ್ತು, ವಿಮಾನ ಬಿದ್ದಿತ್ತು ಅಂತ ನಮ್ಮಲ್ಲಿ ಹಳಬ್ರು ಹೇಳ್ತಿದ್ರು. ಅದ್ರಲ್ಲಿದ್ದವ್ರ ಕುಟುಂಬ ಹುಡುಕ್ಬಹುದಾ?
– ಓದುಗರು, ಮಾಜಾಳಿ, ಕಾರವಾರ

ಉತ್ತರ: ಮೊದ್ಲು ತಾರೀಕು ಬೇಕು, ಅಟ್‌ಲೀಸ್ಟ್ ವರ್ಷ. ನಿಮ್ಮೂರು ಗೋವಾ ಗಡಿ, ಅದಕ್ಕೆ ಒಂದು ಮಾತು ಕೇಳ್ತೀನಿ, ಆ ಬೆಂಕಿ ಸುದ್ದಿ 1943ರ ಮಾರ್ಚ್‌ದಾ? ಮಾರ್ಚ್ 9ಕ್ಕೆ ಮುರ್ಮುಗೋವಾ ಬಂದರಲ್ಲಿ ಎಹ್ರೆನ್‌ಫೆಲ್ಸ್ ಅನ್ನೋ ಜರ್ಮನ್ ಹಡಗಿನ ಮೇಲೆ ಬ್ರಿಟಿಷ್ ಕಡೆಯವ್ರು ದಾಳಿ ಮಾಡಿದ್ರು, ಹಡಗು ಹೊತ್ತಿ ಮುಳುಗಿತ್ತು. ಬಾಯಿಂದ ಬಾಯಿಗೆ ಬರ್ತಾ ಹಡಗು ವಿಮಾನ ಆಗೋದು ದೊಡ್ಡ ಮಾತಲ್ಲ. ಅದಲ್ಲ, ವಿಮಾನನೇ ಅಂತ ಖಾತ್ರಿ ಇದ್ರೆ ಹತ್ತಿರದ ಚರ್ಚಿನ ಹಳೇ ಸಮಾಧಿ ರಿಜಿಸ್ಟರ್ ಕೇಳಿ ನೋಡಿ. ದಡಕ್ಕೆ ಬಂದ ದೇಹನ ಇಲ್ಲೇ ಹೂತಿದ್ರೂ ಆಮೇಲೆ ಪುಣೆಯ ಖಡ್ಕಿ ವಾರ್ ಸಿಮೆಟ್ರಿಗೆ ಸಾಗಿಸಿರೋ ಸಾಧ್ಯತೆ ಇದೆ, ಪಶ್ಚಿಮ ಮತ್ತೆ ಮಧ್ಯ ಭಾರತದ ಚದುರಿದ ಸಮಾಧಿಗಳನ್ನ ಒಟ್ಟು ಮಾಡಿದ್ದು ಅಲ್ಲಿಗೇ. ಸರ್ಕಾರಿ ಕಾಗದ ಬೇಕಂದ್ರೆ ಬೆಂಗಳೂರಲ್ಲಲ್ಲ, ಮುಂಬೈಲಿ ಹುಡುಕಿ. 1862ರಿಂದ 1956ರವರೆಗೆ ಉತ್ತರ ಕನ್ನಡದ ನಾವು ಮುಂಬೈ ಆಡಳಿತದ ಕಡೆಯವ್ರೇ ಆಗಿದ್ವಲ್ಲ, ಎಲ್ಫಿನ್‌ಸ್ಟನ್ ಕಾಲೇಜ್ ಕಟ್ಟಡದಲ್ಲಿರೋ ಮಹಾರಾಷ್ಟ್ರ ಸ್ಟೇಟ್ ಆರ್ಕೈವ್ಸ್‌ನಲ್ಲಿ ನಮ್ಮ ಜಿಲ್ಲೆಯ ಆಗಿನ ಹೆಸ್ರು ನಾರ್ತ್ ಕೆನರಾ ಅಂತ ಕೇಳ್ಬೇಕು.

ಪ್ರಶ್ನೆ: ಎಂಬತ್ತು ವರ್ಷದ ಹಿಂದಿನ ಸಾವನ್ನ ಈಗ ಅವ್ರ ಮನೆ ಬಾಗಿಲಿಗೆ ತಗೊಂಡು ಹೋಗೋದು ಸರಿನಾ? ಅವ್ರಿಗೆ ನೋವಾಗಲ್ವಾ?
– ಓದುಗರು, ಹೊನ್ನಾವರ

ಉತ್ತರ: ನೋವಾಗತ್ತೆ. ಆದ್ರೂ ಹೆಚ್ಚಿನವ್ರಿಗೆ ಬೇಕಾಗಿರತ್ತೆ, ಯಾಕಂದ್ರೆ ಮನೆಯವ್ರಿಗೆ ಬಂದಿದ್ದು ಕಾಣೆಯಾಗಿದಾನೆ ಅಂತ ಒಂದು ಟೆಲಿಗ್ರಾಂ, ತಿಂಗಳುಗಟ್ಟಲೆ ಆದ್ಮೇಲೆ ಸತ್ತಿದಾನೆ ಅಂತ ಭಾವಿಸ್ಬೇಕು ಅನ್ನೋ ಒಂದು ಕಾಗದ, ಅಷ್ಟೇ. ಅವನು ಎಲ್ಲಿ ಮಲಗ್ತಿದ್ದ, ಏನು ತಿಂತಿದ್ದ, ನಗ್ತಿದ್ನಾ, ಯಾರೂ ಹೇಳ್ಲಿಲ್ಲ. ಹೇಗೆ ಹೇಳ್ತೀರಿ ಅನ್ನೋದ್ರ ಮೇಲಿದೆ ಎಲ್ಲ.

ಫೋನ್ ಮಾಡ್ಬೇಡಿ, ಫೇಸ್‌ಬುಕ್ಕಲ್ಲಿ ಹೆಸ್ರು ಹಾಕಿ ಟ್ಯಾಗ್ ಮಾಡ್ಬೇಡಿ. ಆ ಊರಿನ ಚರ್ಚಿಗೋ ಸ್ಥಳೀಯ ಇತಿಹಾಸ ಸಂಘಕ್ಕೋ ಬರೆದು, ನಿಮ್ಮ ಪತ್ರನ ಮನೆಯವ್ರಿಗೆ ತಲುಪಿಸ್ತೀರಾ ಅಂತ ಕೇಳಿ. ಪತ್ರ ಚಿಕ್ಕದಿರ್ಲಿ. "ನಮ್ಮಜ್ಜ ಅಲ್ಲಿ ಅಡುಗೆ ಮಾಡ್ತಿದ್ರು, ಅವ್ರು ಕಾಪಾಡ್ಕೊಂಡು ಬಂದ ಫೋಟೋದಲ್ಲಿ ನಿಮ್ಮ ಸಂಬಂಧಿಕ್ರು ಇರ್ಬಹುದು ಅನ್ಸತ್ತೆ, ನೋಡೋ ಮನಸ್ಸಿದ್ರೆ ತಿಳಿಸಿ", ಇಷ್ಟು ಸಾಕು. ಸರ್ವಿಸ್ ನಂಬರ್ ಸೇರಿಸಿ, ಅವ್ರೂ ತಾಳೆ ನೋಡ್ಕೊಳ್ಲಿ. ಉತ್ತರ ಬರ್ಲಿಲ್ಲ ಅಂದ್ರೆ ಮತ್ತೆ ಮತ್ತೆ ಬರೀಬೇಡಿ.

ಇನ್ನೊಂದು, ಇದನ್ನ ದಯವಿಟ್ಟು ಗಮನಿಸಿ. ಆಸ್ಟ್ರೇಲಿಯಾದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎ705 ಅಂತ ಸೀರೀಸ್ ಇದೆ, ಸತ್ತ, ಕಾಣೆಯಾದ ವೈಮಾನಿಕರ ಫೈಲುಗಳು, ಎಷ್ಟೋ ಫೈಲು ಆನ್‌ಲೈನಲ್ಲೇ ಓದ್ಬಹುದು. ತಾಯಂದಿರು ಬರೆದ ಪತ್ರಗಳೂ ಅದ್ರಲ್ಲಿವೆ, ಯುದ್ಧ ಮುಗಿದ್ಮೇಲೆ ಸಮಾಧಿ ತೆಗೆದು ನೋಡಿದವ್ರು ಏನೇನು ಸಿಕ್ತು ಅಂತ ಬರೆದ ವರದಿಗಳೂ ಇವೆ. ಅದನ್ನ ನೀವಾಗೇ ಕಳಿಸ್ಬೇಡಿ. ಅವ್ರಾಗೇ ಕೇಳಿದ್ರೆ, ಫೈಲಲ್ಲಿ ಇಂಥ ವಿವರ ಇದೆ, ಓದ್ತೀರಾ ಅಂತ ಇನ್ನೊಮ್ಮೆ ಕೇಳಿ ಆಮೇಲೆ ಕೊಡಿ.

ಪ್ರಶ್ನೆ: ಬೇರೆ ದೇಶದವ್ರದ್ದು ಅಡ್ಡಿಲ್ಲ, ನಮ್ಮೋರ ಕಥೆ ಏನು? ನಮ್ಮಜ್ಜಿಯ ಅಣ್ಣ 1942ರ ಹೊತ್ತಿಗೆ ಮುಂಬೈಗೆ ಹೋಗಿ ಯುದ್ಧಕ್ಕೆ ಸೇರಿದ್ರಂತೆ, ಮತ್ತೆ ಬರ್ಲೇ ಇಲ್ಲ. ಸೈನ್ಯನೋ ಏರ್‌ಫೋರ್ಸೋ ಅದೂ ಗೊತ್ತಿಲ್ಲ. ಅಜ್ಜಿಗೆ ಈಗ 91.
– ಓದುಗರು, ಅಂಕೋಲಾ

ಉತ್ತರ: ನಿಮ್ಮ ಮಾತು ನೂರಕ್ಕೆ ನೂರು ಸರಿ. ಆ ಯುದ್ಧದಲ್ಲಿ ಸತ್ತ ಅವಿಭಜಿತ ಭಾರತದ ಸೈನಿಕರು ಸುಮಾರು 87 ಸಾವಿರ ಜನ, ಅವ್ರ ಹೆಸ್ರೂ ಅದೇ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಲಿದೆ, ಎಷ್ಟೋ ಜನರದ್ದು ತಂದೆ ಹೆಸ್ರು, ಊರು ಸಮೇತ. ದಹನ ಆದವ್ರು, ದೇಹ ಸಿಗ್ದೇ ಇದ್ದವ್ರ ಹೆಸ್ರು ರಂಗೂನ್ ಹತ್ತಿರದ ತೌಕ್ಯಾನ್, ಸಿಂಗಾಪುರ, ಇಂಫಾಲ ಈ ಸ್ಮಾರಕಗಳಲ್ಲಿ ಕೆತ್ತಿದಾರೆ.

ಹುಡುಕುವಾಗ ಒಂದು ಎಚ್ಚರ. ಅಂಕೋಲಾ ಅಂದ್ಮೇಲೆ ನಾಯ್ಕ, ನಾಯಕ ಅಂತ ಹಾಕ್ತೀರಿ ಅಲ್ವಾ, ಆದ್ರೆ ಸೈನ್ಯದಲ್ಲಿ ನಾಯಕ್ ಅಂದ್ರೆ ಒಂದು ಹುದ್ದೆ, ಹಾಗಾಗಿ ಪಂಜಾಬಿಂದ ಮದ್ರಾಸ್ ತನಕ ಇದ್ದಬದ್ದ ನಾಯಕ್‌ಗಳೆಲ್ಲ ಬಂದು ನಿಲ್ತಾರೆ. ಅವ್ರ ಸ್ವಂತ ಹೆಸ್ರು ಹಾಕಿ, ಇನಿಷಿಯಲ್ ಮಾತ್ರ ಹಾಕಿಯೂ ನೋಡಿ, ಊರಿನ ಜಾಗದಲ್ಲಿ ಅಂಕೋಲಾ ಸಿಗ್ಲಿಲ್ಲ ಅಂದ್ರೆ ಕೆನರಾ, ಕಾರವಾರ, ಬರೀ ಬಾಂಬೆ, ಎಲ್ಲ ಟ್ರೈ ಮಾಡಿ. ಏರ್‌ಫೋರ್ಸಲ್ಲಿದ್ರೆ 1945ರ ಮಾರ್ಚ್‌ವರೆಗೆ ಇಂಡಿಯನ್ ಏರ್‌ಫೋರ್ಸ್, ಅಲ್ಲಿಂದ ಮುಂದೆ ರಾಯಲ್ ಅನ್ನೋ ಪದ ಸೇರಿರತ್ತೆ.

ಆದ್ರೆ ಇದೆಲ್ಲ ನಾಳೆ ಮಾಡಿದ್ರೂ ನಡಿಯತ್ತೆ. ಮೇಲೆ ಶಿರಸಿಯವ್ರಿಗೆ ಅಕ್ಕತಂಗೀರ್ನ ಹುಡುಕಿ ಅಂತ ಹೇಳಿದ್ನಲ್ಲ, ನಿಮ್ಮ ಮನೇಲಿ ಆ ತಂಗಿ ಇನ್ನೂ ಇದಾರೆ. ಇವತ್ತು ಸಂಜೆ ಅಜ್ಜಿ ಪಕ್ಕ ಕೂತು ಮೊಬೈಲಲ್ಲಿ ರೆಕಾರ್ಡ್ ಆನ್ ಮಾಡಿ ಕೇಳಿ, ಅಣ್ಣನ್ನ ಮನೇಲಿ ಏನಂತ ಕರೀತಿದ್ರು, ಶಾಲೆಲಿ ಯಾವ ಹೆಸ್ರಿತ್ತು, ಕೊನೆ ಕಾಗದ ಯಾವ ಊರಿಂದ ಬಂತು, ಮನಿಯಾರ್ಡರ್ ಬರ್ತಿತ್ತಾ, ಅದು ಯಾವಾಗ ನಿಂತ್ಹೋಯ್ತು. ಹಳೇ ಮನಿಯಾರ್ಡರ್ ಕೂಪನ್ ಒಂದು ಚೂರು ಸಿಕ್ರೂ ಎರಡೂ ಬದಿ ಸ್ಕ್ಯಾನ್ ಮಾಡಿಸಿ ಕಳಿಸಿ, ಅದ್ರ ಮೇಲೆ ನಂಬರ್ ಏನಾದ್ರೂ ಇದ್ರೆ ಮುಂದಿನ ಹುಡುಕಾಟ ನಾನೂ ನಿಮ್ಜೊತೆ ಕೂತು ಮಾಡ್ತೀನಿ.