ಅಕ್ಕ ನುಂಗಿಕೊಂಡ ವಾಕ್ಯ

ಓದುಗರ ಪತ್ರ (ಸಂಗ್ರಹ)

ಮಾನ್ಯ ಸಂಪಾದಕರೇ,
ಕಳೆದ ತಿಂಗಳ ಮಾನಸಿಕ ಆರೋಗ್ಯ ವಿಶೇಷಾಂಕದಲ್ಲಿ ‘ಮೂಕ-ಕಿವುಡ ರೋಗಿಗಳ ಜೊತೆ ಸನ್ನೆ ಬಲ್ಲ ಮನೆಯವರೊಬ್ಬರು ಹೋದರೆ ಸಾಕು’ ಎಂದು ಬರೆದಿದ್ದೀರಿ. ನಾನು ಹೋಗಿದ್ದೆ. ಸಾಕಾಗಲಿಲ್ಲ. ನನ್ನ ತಮ್ಮ ಹುಟ್ಟುಕಿವುಡ, ಈಗ ಮೂವತ್ತೆರಡು ವರ್ಷ. ಆರು ತಿಂಗಳಿಂದ ನಿದ್ದೆಯಿಲ್ಲ, ಕೆಲಸಕ್ಕೂ ಹೋಗುತ್ತಿಲ್ಲ. ‘ಕಿವಿಯಲ್ಲಿ ಯಾರಾದರೂ ಮಾತನಾಡಿದಂತೆ ಕೇಳಿಸುತ್ತದೆಯೇ’ ಎಂದು ವೈದ್ಯರು ಕೇಳಿದರು. ನಾನು ಹಾಗೆಯೇ ಸನ್ನೆ ಮಾಡಿದೆ. ಅವನು ನಕ್ಕುಬಿಟ್ಟ. ವೈದ್ಯರು ಏನೋ ಬರೆದುಕೊಂಡರು. ಸ್ವಲ್ಪ ಹೊತ್ತಿನ ನಂತರ ಅವನು, ಚಿಕ್ಕವನಿದ್ದಾಗ ಬಾಯಲ್ಲಿ ಮಾತು ಬರಲಿ ಎಂದು ಅಪ್ಪ ತನ್ನ ಎರಡೂ ಕೈ ಕಟ್ಟಿ ಕೂರಿಸುತ್ತಿದ್ದುದನ್ನು ಹೇಳಿದ. ಅಪ್ಪ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು. ‘ಚಿಕ್ಕಂದಿನಲ್ಲಿ ಬೇಜಾರಾಗುತ್ತಿತ್ತಂತೆ’ ಎಂದಷ್ಟೇ ನಾನು ವೈದ್ಯರಿಗೆ ಹೇಳಿದೆ. ಈ ಕೆಲಸಕ್ಕೆ ತರಬೇತಿ ಎಂಬುದು ಎಲ್ಲಾದರೂ ಇದೆಯೇ? ಅಂದು ಬಿಟ್ಟ ಮಾತನ್ನು ಈಗ ವೈದ್ಯರಿಗೆ ಹೇಳಬೇಕೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಸಂಪಾದಕರ ಉತ್ತರ

ಮಾನ್ಯರೇ,

ಆ ವಾಕ್ಯ ಲೇಖನ ಬರೆದ ವೈದ್ಯರದಲ್ಲ, ನನ್ನದು. ಪುಟದ ಕೆಳಗೆ ನಾಲ್ಕು ಸಾಲಿನ ಜಾಗ ಉಳಿದಿತ್ತು, ರಾತ್ರಿಯಾಗಿತ್ತು, ತೋಚಿದ್ದನ್ನು ಬರೆದು ಚೌಕಟ್ಟು ಹಾಕಿದೆ. ‘ಮೂಕ’ ಎಂಬ ಪದವನ್ನು ಕಿವುಡರು ಬೇಡವೆಂದು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ, ಅದನ್ನೇ ಹಾಕಿದೆ. ‘ಮೂಗ ಕಂಡ ಕನಸು’ ಎಂದು ನಾವೆಲ್ಲ ಸಲೀಸಾಗಿ ಆಡುತ್ತೇವಲ್ಲ, ಕನಸು ಕಂಡವನು ಅದನ್ನು ಕೈಯಲ್ಲಿ ಹೇಳುತ್ತಿದ್ದಿರಬಹುದು ಎಂದು ಯಾರಿಗೂ ಹೊಳೆದಂತಿಲ್ಲ. ಅದೇ ಸಂಚಿಕೆಯ ಪ್ರತಿ ಲೇಖನದ ಕೊನೆಗೂ ‘ಟೆಲಿಮಾನಸ್ 14416ಕ್ಕೆ ಕರೆ ಮಾಡಿ’ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ಫೋನ್ ಸಂಖ್ಯೆ ಅಚ್ಚು ಹಾಕಿದ್ದೇವೆ. ನಿಮ್ಮ ಪತ್ರ ಓದಿದ ಮೇಲೆ ಆ ಸಾಲನ್ನು ನಿಮ್ಮ ತಮ್ಮ ಹೇಗೆ ಓದಿಕೊಂಡಿರಬಹುದು ಎಂದು ಯೋಚಿಸಿದೆ.

ಇನ್ನು ತರಬೇತಿಯ ಮಾತು. ನಾನು ವೈದ್ಯನಲ್ಲ, ದುಭಾಷಿಯೂ ಅಲ್ಲ. ಈ ಒಂದು ತಿಂಗಳು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ.

ನಮ್ಮಲ್ಲಿ ಭಾರತೀಯ ಸಂಜ್ಞಾ ಭಾಷೆಯ ದುಭಾಷಿಗಳಿಗೆ ಎರಡು ವರ್ಷದ ಡಿಪ್ಲೊಮಾ ಇದೆ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವೂ ಅದನ್ನು ಕಲಿಸುತ್ತದೆ. ದುಭಾಷಿಯ ಕೆಲಸ ಎಂಥದ್ದು ಎಂಬುದನ್ನು 2023ರ ಸೆಪ್ಟೆಂಬರಿನಲ್ಲಿ ದೇಶ ನೋಡಿತು. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಅವರು ಸುಪ್ರೀಂ ಕೋರ್ಟಿನ ಮುಂದೆ ದುಭಾಷಿಯ ಮೂಲಕ ಹಾಜರಾದರು. ನ್ಯಾಯಾಧೀಶರಿಗೆ ಬೇಕಾದದ್ದು ವಾದದ ತಿರುಳು. ಸನ್ನೆ ಎಲ್ಲಾದರೂ ತೊಡರಿದರೆ ದುಭಾಷಿ ಅದನ್ನು ಬಿಡಿಸಿ, ಒಪ್ಪವಾಗಿ ಹೇಳಿದರೆ ಯಾರಿಗೂ ನಷ್ಟವಿಲ್ಲ. ಬ್ಯಾಂಕು, ತರಗತಿ, ತಾಲ್ಲೂಕು ಕಚೇರಿ, ಎಲ್ಲೆಡೆಯೂ ಹಾಗೆಯೇ.

ಮನೋವೈದ್ಯರ ಕೋಣೆಯಲ್ಲಿ ಈ ಒಪ್ಪ ಮಾಡುವ ಗುಣವೇ ಅಪಾಯ ತರುತ್ತದೆ. ರೋಗಿ ಏನು ಹೇಳಿದರು ಎನ್ನುವಷ್ಟೇ ಹೇಗೆ ಹೇಳಿದರು ಎಂಬುದನ್ನೂ ವೈದ್ಯರು ನೋಡುತ್ತಿರುತ್ತಾರೆ. ಮಾತು ಹಳಿ ತಪ್ಪುತ್ತಿದೆಯೇ, ಪ್ರಶ್ನೆ ಒಂದು ಕಡೆ ಉತ್ತರ ಒಂದು ಕಡೆ ಹೋಗುತ್ತಿದೆಯೇ, ಅರ್ಥ ಬಿಟ್ಟು ಬರೀ ಪ್ರಾಸ ಹಿಡಿದು ಓಡುತ್ತಿದೆಯೇ ಎಂಬುದೆಲ್ಲ ಅವರಿಗೆ ರೋಗದ ಕುರುಹು. ಸನ್ನೆಯಲ್ಲೂ ಪ್ರಾಸವಿದೆ. ಒಂದೇ ಕೈಯಾಕಾರದ ಸನ್ನೆಗಳು ಅರ್ಥದ ಹಂಗಿಲ್ಲದೆ ಒಂದರ ಬೆನ್ನಿಗೆ ಒಂದು ಬರಬಹುದು. ಒಳ್ಳೆಯ ಮನಸ್ಸಿನ ದುಭಾಷಿ ಅದನ್ನೆಲ್ಲ ಜೋಡಿಸಿ ಒಂದು ನೆಟ್ಟಗಿನ ಕನ್ನಡ ವಾಕ್ಯ ಮಾಡಿ ಒಪ್ಪಿಸಿದರೆ, ವೈದ್ಯರ ಕಣ್ಣಿಗೆ ಕಾಯಿಲೆಯೇ ಬೀಳುವುದಿಲ್ಲ.

ಇದರ ಇನ್ನೊಂದು ಮಗ್ಗುಲು ಇನ್ನೂ ಕಷ್ಟದ್ದು. ಕಿವುಡ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಕಿವಿ ಕೇಳುವ ತಂದೆ-ತಾಯಿಗೆ. ಮನೆಯಲ್ಲಿ ಊಟ, ನೀರು, ಬಾ, ಹೋಗು ಎಂಬಷ್ಟಕ್ಕೆ ಆಗುವ ಮನೆಸನ್ನೆ ಇರುತ್ತದೆ. ಪೂರ್ಣ ಭಾಷೆಯೊಂದು ಕೈಗೆ ಸಿಗುವುದು ಶಾಲೆಗೆ ಹೋದ ಮೇಲೆ, ಕೆಲವರಿಗೆ ಹದಿಹರೆಯ ದಾಟಿದ ಮೇಲೆ. ಅಂಥವರ ಸನ್ನೆಯಲ್ಲಿ ‘ನಿನ್ನೆ’, ‘ಆದ್ದರಿಂದ’, ‘ಯಾರು ಯಾರಿಗೆ’ ಎಂಬುವು ಕಲಸಿಕೊಂಡಿರಬಹುದು. ಅದನ್ನು ಪದಕ್ಕೆ ಪದ ಹೇಳಿದರೆ, ಸನ್ನೆ ಅರಿಯದ ವೈದ್ಯರಿಗೆ ಬುದ್ಧಿಭ್ರಮಣೆಯಂತೆ ಕೇಳಿಸುತ್ತದೆ. ಭಾಷೆ ಸಿಗದೆ ಹೋದದ್ದು ಒಂದು, ಯೋಚನೆ ಚದುರಿರುವುದು ಮತ್ತೊಂದು. ಎರಡನ್ನೂ ಬೇರ್ಪಡಿಸಲು ಬೇಕಾದ ಸಾಕ್ಷ್ಯವೆಲ್ಲ ಆ ಕೈಗಳಲ್ಲಿದೆ. ಆದ್ದರಿಂದ ತರಬೇತಿ ಪಡೆದ ದುಭಾಷಿ ಅಂಥ ಗಳಿಗೆಯಲ್ಲಿ ಅನುವಾದ ನಿಲ್ಲಿಸಿ ವರ್ಣನೆಗೆ ಇಳಿಯುತ್ತಾರೆ: ‘ಡಾಕ್ಟರೇ, ಇಲ್ಲಿ ವಾಕ್ಯವಾಗಿಲ್ಲ. ನೀರು, ಅಮ್ಮ, ಬಸ್ ಎಂಬ ಮೂರು ಸನ್ನೆ ನಾಲ್ಕು ಸಲ ಬಂದವು. ನಡುವಿನ ಸಂಬಂಧ ನನಗೆ ಕಾಣುತ್ತಿಲ್ಲ.’ ಮುಂದಿನದು ವೈದ್ಯರಿಗೆ ಬಿಟ್ಟದ್ದು. ಕೇಳಲು ಸುಲಭ. ಅರ್ಥವಾಗಿಲ್ಲ ಎಂದು ಎಲ್ಲರೆದುರು ಒಪ್ಪಿಕೊಳ್ಳಲು ವರ್ಷಗಟ್ಟಲೆ ಅರ್ಥ ಮಾಡಿಸುವುದನ್ನೇ ಕಸುಬಾಗಿಸಿಕೊಂಡವರಿಗೆ ಎಷ್ಟು ಕಷ್ಟವೋ ಯೋಚಿಸಿ.

ನಿಮ್ಮ ತಮ್ಮ ನಕ್ಕಿದ್ದಕ್ಕೆ ಬರುತ್ತೇನೆ. ಹುಟ್ಟಿನಿಂದ ಏನೂ ಕೇಳದವರನ್ನು ‘ಕಿವಿಯಲ್ಲಿ ಮಾತು ಕೇಳಿಸುತ್ತದೆಯೇ’ ಎಂದರೆ ನಗದೆ ಏನು ಮಾಡುತ್ತಾರೆ? ನನಗಂತೂ ಆ ಕೋಣೆಯಲ್ಲಿ ಸರಿಯಾಗಿ ನಡೆದುಕೊಂಡವರು ಅವರೊಬ್ಬರೇ ಅನ್ನಿಸಿತು. ಆದರೆ ‘ಸಂದರ್ಭಕ್ಕೆ ಹೊಂದದ ನಗು’ ಎಂದು ಕೇಸ್ ಶೀಟಿನಲ್ಲಿ ದಾಖಲಾಗಿದ್ದರೆ, ಅದು ಅವರ ಹಿಂದೆಯೇ ಬರುತ್ತದೆ. ಹಾಗೆಂದು ಆ ಪ್ರಶ್ನೆಯನ್ನು ಕೈಬಿಡುವ ಹಾಗೂ ಇಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಜೊವಾನಾ ಅಟ್ಕಿನ್ಸನ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಕಿವುಡರ ಇಂಥ ಅನುಭವಗಳನ್ನೇ ಕುರಿತದ್ದು. ಹುಟ್ಟುಕಿವುಡರಲ್ಲಿ ಕೆಲವರಿಗೆ ದೇಹವಿಲ್ಲದ ಕೈಗಳು ಸನ್ನೆ ಮಾಡಿದಂತೆ, ಬರೀ ತುಟಿಗಳು ಅಲುಗಿದಂತೆ ಅನುಭವವಾಗುತ್ತದೆ. ಅಂದರೆ ಪ್ರಶ್ನೆ ‘ಯಾರೂ ಇಲ್ಲದಾಗಲೂ ಯಾರೋ ನಿನಗೆ ಏನನ್ನೋ ಹೇಳುತ್ತಿದ್ದಾರೆ ಅನ್ನಿಸುತ್ತದೆಯೇ’ ಎಂದಾಗಬೇಕು. ಹಾಗೆ ಬದಲಿಸುವ ಅಧಿಕಾರ ಅಕ್ಕನಿಗೂ ಇಲ್ಲ, ದುಭಾಷಿಗೂ ಇಲ್ಲ. ವೈದ್ಯರ ಜೊತೆ ಹತ್ತು ನಿಮಿಷ ಮೊದಲೇ ಕುಳಿತು ‘ಈ ಪ್ರಶ್ನೆಯಿಂದ ನೀವು ತಿಳಿಯಬೇಕಾದದ್ದೇನು’ ಎಂದು ಕೇಳಿ ಇತ್ಯರ್ಥ ಮಾಡಿಕೊಳ್ಳಬೇಕು. ಹುಬ್ಬು ಏರಿಸುವುದು ಸಂಜ್ಞಾ ಭಾಷೆಯಲ್ಲಿ ಪ್ರಶ್ನೆಯ ವ್ಯಾಕರಣ, ಗಾಬರಿಯ ಲಕ್ಷಣವಲ್ಲ ಎಂಬುದನ್ನೂ ಆಗಲೇ ಹೇಳಬಹುದು. ಕೆಲವು ಮನೋರೋಗದ ಮಾತ್ರೆಗಳಿಂದ ಕೈ ನಡುಗುತ್ತದೆ, ಬಿಗಿಯುತ್ತದೆ. ನಮಗೆ ನಾಲಗೆ ತೊದಲಿದಂತೆ ಅವರಿಗದು.

ನೀವು ಕೇಳಿದಂಥ ತರಬೇತಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿದೆ. ಅದೇನೂ ಉದಾರ ಮನಸ್ಸಿನಿಂದ ಹುಟ್ಟಿದ್ದಲ್ಲ. ರಾಜ್ಯದ ಮಾನಸಿಕ ಆರೋಗ್ಯ ಸೇವೆ ತಮಗೆ ಎಟುಕುತ್ತಿಲ್ಲ ಎಂದು ಕಿವುಡರು ಮೊಕದ್ದಮೆ ಹೂಡಿದರು, ಅದು ರಾಜಿಯಲ್ಲಿ ಮುಗಿಯಿತು, ಸರ್ಕಾರ ಕಿವುಡರ ಸೇವೆಗೆಂದೇ ವಿಭಾಗ ಕಟ್ಟಬೇಕಾಯಿತು. 2003ರಿಂದ ಮಾಂಟ್ಗೊಮರಿ ನಗರದಲ್ಲಿ ಬೇಸಿಗೆಯ ಶಿಬಿರ ನಡೆಯುತ್ತ ಬಂದಿದೆ. ಬರುವವರು ಆಗಲೇ ಕಸುಬು ಬಲ್ಲ ದುಭಾಷಿಗಳು. 40 ಗಂಟೆ ತರಗತಿ, ಆಮೇಲೆ ನುರಿತವರ ಕಣ್ಗಾವಲಿನಲ್ಲಿ ಆಸ್ಪತ್ರೆ, ಚಿಕಿತ್ಸಾಲಯಗಳಲ್ಲಿ 40 ಗಂಟೆ ಕೆಲಸ, ಕೊನೆಗೆ ಲಿಖಿತ ಪರೀಕ್ಷೆ. ಅಷ್ಟಾದರೆ ಮಾನಸಿಕ ಆರೋಗ್ಯ ದುಭಾಷಿ ಎಂಬ ಪ್ರಮಾಣಪತ್ರ.

ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ರಾಬಿನ್ ಡೀನ್ ಮತ್ತು ರಾಬರ್ಟ್ ಪೊಲಾರ್ಡ್ 2001ರಲ್ಲಿ ಮುಂದಿಟ್ಟ ಒಂದು ವಿಧಾನವನ್ನು ನೀವು ತಿಳಿಯಲೇಬೇಕು. ದುಭಾಷಿಗೆ ಎದುರಾಗುವ ಒತ್ತಡಗಳನ್ನು ಅವರು ನಾಲ್ಕು ಗುಂಪು ಮಾಡುತ್ತಾರೆ: ಜಾಗದ್ದು, ಜನರ ನಡುವಿನದು, ಮಾತಿನ ಸ್ಪಷ್ಟತೆಯದು, ತನ್ನ ಒಳಗಿನದು. ಒಂದೊಂದಕ್ಕೂ ತನ್ನ ಕೈಯಲ್ಲಿರುವ ಉಪಾಯವೇನು ಎಂದು ಮೊದಲು, ನಡುವೆ, ನಂತರ ಎಂದು ಯೋಚಿಸಬೇಕು. ನಿಮ್ಮ ಪತ್ರವನ್ನು ಈ ಲೆಕ್ಕದಲ್ಲಿ ಓದಿದೆ. ಪಕ್ಕದ ಕುರ್ಚಿಯಲ್ಲಿ ಅಪ್ಪ ಇದ್ದರು. ಹೊರಗಿನ ದುಭಾಷಿಯಾಗಿದ್ದರೆ ಒಳಗೆ ಹೋಗುವ ಮೊದಲೇ ‘ತಂದೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಬಹುದೇ’ ಎಂದು ವೈದ್ಯರನ್ನು ಕೇಳುತ್ತಿದ್ದರು. ಕೇಳಿ, ಸಂಜೆ ಮನೆಗೆ ಹೋಗುತ್ತಿದ್ದರು. ನೀವು ಕೇಳಿದ್ದರೆ ಅದೇ ಅಪ್ಪನ ಜೊತೆ ಅದೇ ಬಸ್ಸಿನಲ್ಲಿ ಊರಿಗೆ ಮರಳಬೇಕಿತ್ತು. ಮನೆಯವರಿಂದ ಈ ಕೆಲಸ ಮಾಡಿಸಬಾರದು ಎನ್ನುವುದಕ್ಕೆ ನನಗೆ ಬೇರೆ ಕಾರಣ ಬೇಕಿಲ್ಲ. ಅಪರಿಚಿತರಿಗೂ ಇದು ಹಗುರಲ್ಲ. ‘ನಾನು ಬದುಕುವುದಿಲ್ಲ’ ಎಂದು ರೋಗಿ ಸನ್ನೆ ಮಾಡಿದರೆ ದುಭಾಷಿ ಅದನ್ನು ‘ನಾನು’ ಎಂದೇ, ತನ್ನ ಬಾಯಲ್ಲೇ ಹೇಳಬೇಕು. ಅದನ್ನು ಇಳಿಸಿಕೊಳ್ಳುವುದು ಹೇಗೆ ಎಂಬುದೂ ತರಬೇತಿಯ ಭಾಗ.

ದುಭಾಷಿ ಬೇಕೆಂದು ಕೇಳುವ ಹಕ್ಕು ನಿಮಗಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 4ನೇ ಸೆಕ್ಷನ್, ರೋಗಿಗೆ ಮಾಹಿತಿಯನ್ನು ಅರ್ಥವಾಗುವ ಸರಳ ಭಾಷೆಯಲ್ಲಿ, ಅಥವಾ ಸಂಜ್ಞಾ ಭಾಷೆಯಲ್ಲಿ, ಅಥವಾ ಚಿತ್ರ ಮುಂತಾದವುಗಳ ಮೂಲಕ ಕೊಡಬೇಕು ಎನ್ನುತ್ತದೆ. ‘ಸಂಜ್ಞಾ ಭಾಷೆ’ ಎಂಬ ಪದ ಕಾಯ್ದೆಯಲ್ಲೇ ಇದೆ. ಮುಂದಿನ ಭೇಟಿಗೆ ಮೊದಲು ಈ ಸೆಕ್ಷನ್ ಹೆಸರಿಸಿ ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಕೊಟ್ಟು ದುಭಾಷಿಯನ್ನು ಕೇಳಿ, ಎರಡರಷ್ಟು ಸಮಯವನ್ನೂ ಕೇಳಿ. ಆಸ್ಪತ್ರೆಗೆ ದಾಖಲು ಮಾಡಿಕೊಳ್ಳುವ ಸಂದರ್ಭ ಬಂದರೆ, ಹಿಡಿತದಲ್ಲಿಡಲೆಂದು ಕೈ ಕಟ್ಟುವುದೆಂದರೆ ಇವರಿಗೆ ಬಾಯಿ ಕಟ್ಟಿದಂತೆ ಎಂದು ಬರೆದು ಕೊಡಿ. ನಿಮ್ಮ ತಮ್ಮನ ವಿಷಯದಲ್ಲಂತೂ ಏಕೆಂದು ನಾನು ಹೇಳಬೇಕಿಲ್ಲ. ಇನ್ನೊಂದು: ಬರುವ ದುಭಾಷಿ ಯಾರೆಂದು ತಮ್ಮನಿಗೆ ಮೊದಲೇ ತಿಳಿಸಿ. ಕಿವುಡರ ಬಳಗ ಚಿಕ್ಕದು. ಗೆಳೆಯರ ಮದುವೆಯಲ್ಲಿ ಎದುರು ಕುಳಿತು ಊಟ ಮಾಡಿದವರೇ ಇಲ್ಲೂ ಎದುರಾಗಬಹುದು, ಅಂಥವರು ಬೇಡ ಎಂದು ನಿಮ್ಮ ತಮ್ಮ ಹೇಳಬಹುದು.

ಬಿಟ್ಟ ಮಾತನ್ನು ಈಗ ಹೇಳಬೇಕೇ ಎಂದಿರಿ. ವೈದ್ಯರಿಗಿಂತ ಮೊದಲು ತಮ್ಮನಿಗೆ ಹೇಳಿ. ‘ಅಂದು ನೀನು ಹೇಳಿದ್ದನ್ನು ನಾನು ಪೂರ್ತಿ ದಾಟಿಸಲಿಲ್ಲ’ ಎಂದು. ಮತ್ತೆ ಹೇಳಬೇಕೋ ಬೇಡವೋ, ಯಾರ ಎದುರು ಹೇಳಬೇಕು ಎಂಬುದು ಅವರದೇ ತೀರ್ಮಾನ. ಕಷ್ಟ, ಗೊತ್ತು. ಅವರು ಕೋಪಿಸಿಕೊಳ್ಳಲೂಬಹುದು. ಆದರೆ ಇಷ್ಟು ದಿನವೂ ಅವರು, ಡಾಕ್ಟರಿಗೆ ಅದು ಗೊತ್ತಿದೆ, ಗೊತ್ತಿದ್ದೂ ಏನೂ ಕೇಳಲಿಲ್ಲ ಎಂದುಕೊಂಡೇ ಮಾತ್ರೆ ನುಂಗುತ್ತಿದ್ದಾರೆ.