ಹೆಮಿನ್ ಕೊಟ್ಟರೆ ಹಿಮೋಗ್ಲೋಬಿನ್ ಏರುತ್ತದಾ?

ಪ್ರಶ್ನೆ: ಬಯೋಕೆಮಿಸ್ಟ್ರಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನಮ್ಮ ಲ್ಯಾಬಿನಲ್ಲಿ ಕೆ562 ಎಂಬ ರಕ್ತದ ಕ್ಯಾನ್ಸರಿನ ಜೀವಕೋಶಗಳಿಗೆ ಹೆಮಿನ್ ಹಾಕಿದರೆ ಕೆಲವೇ ದಿನಗಳಲ್ಲಿ ಅವು ಹಿಮೋಗ್ಲೋಬಿನ್ ತಯಾರಿಸಲು ಶುರು ಮಾಡುತ್ತವೆ. ಹೆಮಿನ್ ಇಂಜೆಕ್ಷನ್ ಕೂಡ ಇದೆಯಂತೆ. ಹಾಗಿದ್ರೆ ರಕ್ತಹೀನತೆ ಇರುವವರಿಗೆ ಕಬ್ಬಿಣದ ಮಾತ್ರೆ ಬದಲು ಇದನ್ನೇ ಕೊಡಬಹುದಲ್ವಾ ಸರ್? ಅಮ್ಮನಿಗೆ ಹಿಮೋಗ್ಲೋಬಿನ್ ಯಾವಾಗಲೂ ಕಡಿಮೆ, ಅದಕ್ಕೇ ಕೇಳ್ತಿದ್ದೀನಿ. ಇನ್ನೊಂದು ವಿಷಯ, ಮೀಡಿಯಾಗೆ (ಜೀವಕೋಶ ಬೆಳೆಸುವ ದ್ರವಕ್ಕೆ) ಹೆಮಿನ್ ಹಾಕಿದ ತಕ್ಷಣ ತಳದಲ್ಲಿ ಕಪ್ಪು ಪುಡಿ ಕೂರುತ್ತದೆ. ಯಾಕೆ?

ಉತ್ತರ: ಕೊಡಬಾರದು. ಲ್ಯಾಬಿನ ಬಾಟಲಿಯದನ್ನಂತೂ ಯೋಚನೆ ಕೂಡ ಮಾಡಬೇಡಿ. ಅದು ಸಾಮಾನ್ಯವಾಗಿ ಹಂದಿ ಅಥವಾ ದನದ ರಕ್ತದಿಂದ ತೆಗೆದದ್ದು, ಪ್ರಯೋಗಕ್ಕೆ ಮಾತ್ರ.

ಹೆಮಿನ್ ಅಂದರೆ ಪೋರ್ಫಿರಿನ್ ಉಂಗುರದ ನಡುವೆ ಕೂತ ಕಬ್ಬಿಣ, ಜೊತೆಗೊಂದು ಕ್ಲೋರೈಡ್. ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕ ಹೊರುವ ಹೀಮ್‌ನಲ್ಲಿ ಕಬ್ಬಿಣ ಫೆರಸ್ ರೂಪದಲ್ಲಿ ಇರುತ್ತದೆ, ಹೆಮಿನ್‌ನಲ್ಲಿ ಫೆರಿಕ್. ತೂಕದಲ್ಲಿ ಕಬ್ಬಿಣದ ಪಾಲು ಬರೀ ಶೇ 8.6ರಷ್ಟು. ರಕ್ತನಾಳಕ್ಕೆ ಕೊಟ್ಟರೆ ಅದು ಹೋಗಿ ನೇರವಾಗಿ ಹಿಮೋಗ್ಲೋಬಿನ್ನಿನಲ್ಲಿ ಕೂರುವುದೂ ಇಲ್ಲ. ಹಿಮೋಪೆಕ್ಸಿನ್, ಆಲ್ಬುಮಿನ್ ಅನ್ನುವ ಪ್ರೋಟೀನುಗಳು ಅದನ್ನು ಹಿಡಿದುಕೊಳ್ಳುತ್ತವೆ, ಹೆಚ್ಚಿನದು ಯಕೃತ್ತಿಗೆ ಹೋಗುತ್ತದೆ, ಅಲ್ಲಿ ಹೀಮ್ ಆಕ್ಸಿಜನೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಕಬ್ಬಿಣ ತುಂಬಿಸುವುದಕ್ಕೆ ಇದು ತೀರಾ ಸುತ್ತುದಾರಿ.

ಹಾಗಾದರೆ ಇಂಜೆಕ್ಷನ್ ಯಾಕಿದೆ? ಔಷಧವಾಗಿ ಹೆಮಿನ್ ಮಾಡುವ ಮುಖ್ಯ ಕೆಲಸ ಕಬ್ಬಿಣ ಒದಗಿಸುವುದಲ್ಲ, 'ಹೀಮ್ ಸಾಕಷ್ಟಿದೆ, ಇನ್ನು ಮಾಡಬೇಡ' ಅಂತ ಯಕೃತ್ತಿಗೆ ಹೇಳುವುದು. ಹೀಮ್ ತಯಾರಿಕೆಯ ಮೊದಲ ಹೆಜ್ಜೆ ಅಲಾ ಸಿಂಥೇಸ್-1 ಎಂಬ ಕಿಣ್ವದ್ದು. ಹೀಮ್ ಜಾಸ್ತಿ ಇದ್ದರೆ ಆ ಕಿಣ್ವದ ಉತ್ಪಾದನೆ ತಗ್ಗುತ್ತದೆ. ಅಕ್ಯೂಟ್ ಇಂಟರ್‌ಮಿಟೆಂಟ್ ಪೋರ್ಫೈರಿಯಾ ಎಂಬ ಅಪರೂಪದ ಕಾಯಿಲೆ ಇರುವವರಲ್ಲಿ ಮುಂದಿನ ಒಂದು ಕಿಣ್ವ ಹುಟ್ಟಿನಿಂದಲೇ ಅರ್ಧದಷ್ಟು ಮಾತ್ರ ಕೆಲಸ ಮಾಡುತ್ತದೆ. ಉಪವಾಸ, ಮದ್ಯ, ಕೆಲವು ಔಷಧಗಳು, ಹಾರ್ಮೋನಿನ ಏರಿಳಿತ, ಇವುಗಳಲ್ಲಿ ಯಾವುದಾದರೂ ಮೊದಲ ಹೆಜ್ಜೆಯ ವೇಗ ಹೆಚ್ಚಿಸಿದರೆ ನಡುವಿನ ಪದಾರ್ಥಗಳು ಗುಡ್ಡೆ ಬಿದ್ದು, ತಡೆಯಲಾರದ ಹೊಟ್ಟೆನೋವು, ನರಗಳ ದೌರ್ಬಲ್ಯ, ಕಪ್ಪು ಛಾಯೆಯ ಮೂತ್ರ, ಎಲ್ಲ ಶುರುವಾಗುತ್ತವೆ. ಆಗ ಹೆಮಿನ್ ಕೊಡುತ್ತಾರೆ, ಕೆ.ಜಿ. ತೂಕಕ್ಕೆ ದಿನಕ್ಕೆ 3–4 ಮಿ.ಗ್ರಾಂ. ಲೆಕ್ಕದಲ್ಲಿ ಸಾಮಾನ್ಯವಾಗಿ ನಾಲ್ಕು ದಿನ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ. ಅಪರೂಪದ ಕಾಯಿಲೆಗಳ ಔಷಧಕ್ಕಾಗಿ ಬಂದ ಕಾಯ್ದೆಯಡಿ ಒಪ್ಪಿಗೆ ಪಡೆದ ಮೊದಲ ಔಷಧ ಇದೇ.

ಸುಲಭದ ಔಷಧ ಅಂದುಕೊಳ್ಳಬೇಡಿ. ಇದು ರಕ್ತನಾಳವನ್ನು ಕೆರಳಿಸುತ್ತದೆ, ಊತ ಬರುತ್ತದೆ. ಅದಕ್ಕೇ ದೊಡ್ಡ ರಕ್ತನಾಳ ನೋಡಿ, ಎಷ್ಟೋ ಕಡೆ ಆಲ್ಬುಮಿನ್ ಜೊತೆ ಬೆರೆಸಿ ಕೊಡುತ್ತಾರೆ. ಪದೇ ಪದೇ ಕೊಟ್ಟರೆ ಕಬ್ಬಿಣ ದೇಹದಲ್ಲಿ ಜಮೆಯಾಗುತ್ತಾ ಹೋಗುತ್ತದೆ. ನಿಮ್ಮ ಅಮ್ಮನಿಗೆ ಮೊದಲು ಬೇಕಿರುವುದು ಕಾರಣದ ಪತ್ತೆ: ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಪ್ರೋಟೀನು) ಎಷ್ಟಿದೆ, ಬಿ12 ಹೇಗಿದೆ, ಎಲ್ಲಾದರೂ ರಕ್ತ ಹೋಗುತ್ತಿದೆಯಾ. ವೈದ್ಯರ ಹತ್ತಿರ ಇದನ್ನೇ ಕೇಳಿ.

ಇನ್ನು ನಿಮ್ಮ ಕೆ562. ಅಲ್ಲೂ ಹೆಮಿನ್ ಸುದ್ದಿ ಮುಟ್ಟಿಸುವ ಕೆಲಸವನ್ನೇ ಮಾಡುತ್ತಿದೆ, ಆದರೆ ಕೇಳಿಸಿಕೊಳ್ಳುವವರು ಬೇರೆ. ಬಾಕ್1 ಎಂಬ ಪ್ರೋಟೀನು ಕೆಲವು ಜೀನುಗಳನ್ನು ಅದುಮಿ ಹಿಡಿದಿರುತ್ತದೆ. ಹೀಮ್ ಬಂದು ಅಂಟಿಕೊಂಡರೆ ಅದು ಜಾಗ ಬಿಡುತ್ತದೆ. ಎಚ್‌ಆರ್‌ಐ ಎಂಬ ಕಿಣ್ವ ಹೀಮ್ ಇಲ್ಲದಾಗ ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸುತ್ತದೆ. ಮೊಲದ ರೆಟಿಕ್ಯುಲೋಸೈಟ್ (ಇನ್ನೂ ಬಲಿಯದ ಕೆಂಪು ರಕ್ತಕಣ) ಸಾರದಲ್ಲಿ ಹೆಮಿನ್ ಹಾಕದಿದ್ದರೆ ಕೆಲವೇ ನಿಮಿಷಗಳಲ್ಲಿ ಕೆಲಸ ನಿಲ್ಲುವುದು ಇದರಿಂದಲೇ. ಒಂದು ಮಾತು ನೆನಪಿರಲಿ, ಕೆ562 ಲ್ಯುಕೇಮಿಯಾ ರೋಗಿಯಿಂದ ಬಂದ ಜೀವಕೋಶ. ಹೆಮಿನ್ ಹಾಕಿದಾಗ ಅದು ಮಾಡುವುದು ಮುಖ್ಯವಾಗಿ ಭ್ರೂಣದ ಬಗೆಯ ಹಿಮೋಗ್ಲೋಬಿನ್, ದೊಡ್ಡವರದ್ದಲ್ಲ. ಅದನ್ನು ನೋಡಿ ರಕ್ತಹೀನತೆಗೆ ಮದ್ದು ಸಿಕ್ಕಿತು ಅನ್ನಲಾಗದು.

ಕಪ್ಪು ಪುಡಿಯ ವಿಚಾರ ನನಗೆ ಇದಕ್ಕಿಂತ ಮುಖ್ಯ, ಯಾಕಂದ್ರೆ ಎಷ್ಟೋ ಪ್ರಾಜೆಕ್ಟ್ ಹಾಳಾಗುವುದು ಇಲ್ಲೇ. ಹೆಮಿನ್ ಬರೀ ನೀರಿನಲ್ಲಿ ಕರಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ತೆಳುವಾದ ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗುತ್ತದೆ. ಅಲ್ಲಿಂದ ತಂದು ಸೀರಂ ಇಲ್ಲದ ಮೀಡಿಯಾಗೆ ಒಂದೇ ಸಲ ಸುರಿದರೆ ಅಣುಗಳು ಒಂದರ ಮೇಲೊಂದು ಕೂತು ಗಂಟುಕಟ್ಟಿ ತಳ ಸೇರುತ್ತವೆ. ಸೀರಂ ಅಥವಾ ಆಲ್ಬುಮಿನ್ ಇರುವ ಬೆಚ್ಚಗಿನ ಮೀಡಿಯಾಗೆ, ಅಲುಗಾಡಿಸುತ್ತಾ, ಸ್ವಲ್ಪ ಸ್ವಲ್ಪವಾಗಿ ಹಾಕಿ. ದ್ರಾವಣ ಆಯಾ ದಿನವೇ ಮಾಡಿ, ಬೆಳಕಿಗೆ ಇಡಬೇಡಿ. ಗಂಟು ಕಟ್ಟಿದ್ದನ್ನು ಸುಮ್ನೆ ಫಿಲ್ಟರ್ ಮಾಡಿ ಬಳಸಬೇಡಿ. ಫಿಲ್ಟರಿನಲ್ಲಿ ಎಷ್ಟು ಉಳಿಯಿತು ಅಂತ ನಿಮಗೆ ಗೊತ್ತಿರುವುದಿಲ್ಲ, ಆದರೂ ನೋಟ್‌ಬುಕ್ಕಿನಲ್ಲಿ 50 ಮೈಕ್ರೋಮೋಲಾರ್ ಅಂತಲೇ ಬರೆದಿರುತ್ತೀರಿ.

ಹಿಮೋಗ್ಲೋಬಿನ್ ಇದ್ದರೆ ನೀಲಿ ಬರುವ ಬೆಂಜಿಡೀನ್ ಬಣ್ಣದ ಪರೀಕ್ಷೆ ಮಾಡುತ್ತಿದ್ದೀರಾ? ಈ ಬಣ್ಣ ತರಿಸುವ ಪೆರಾಕ್ಸಿಡೇಸ್ ಕಿಣ್ವದ ತರಹ ಹೆಮಿನ್ ತಾನೇ ವರ್ತಿಸುತ್ತದೆ. ಜೀವಕೋಶಕ್ಕೆ ಅಂಟಿದ ಹೆಮಿನ್ನೂ ನೀಲಿ ಬಣ್ಣ ಕೊಟ್ಟೀತು. ಚೆನ್ನಾಗಿ ತೊಳೆಯಿರಿ, ಗ್ಲೋಬಿನ್ (ಹಿಮೋಗ್ಲೋಬಿನ್ನಿನ ಪ್ರೋಟೀನು ಭಾಗ) ಆರ್‌ಎನ್‌ಎ ಕೂಡ ಅಳೆಯಿರಿ. ಹೆಮಿನ್ ಇಲ್ಲದ, ಬರೀ ದ್ರಾವಕ ಹಾಕಿದ ಒಂದು ಫ್ಲಾಸ್ಕ್ ಇರಲೇಬೇಕು.

ಪ್ರಶ್ನೆ: ರಕ್ತದ ಕಲೆ ಗುರುತಿಸಲು ಹೆಮಿನ್ ಹರಳು ಮಾಡುತ್ತಾರಂತೆ. ನಿಜವೇ?

ಉತ್ತರ: ನಿಜ, 1853ರಲ್ಲಿ ಪೋಲೆಂಡಿನ ಅಂಗರಚನಾ ತಜ್ಞ ಲುಡ್ವಿಕ್ ಟೈಖ್‌ಮನ್ ತೋರಿಸಿದ ವಿಧಾನ ಅದು. ಒಣಗಿದ ಕಲೆಗೆ ಚೂರು ಉಪ್ಪು, ಗ್ಲೇಶಿಯಲ್ ಅಸಿಟಿಕ್ ಆಮ್ಲ ಸೇರಿಸಿ ಮೆಲ್ಲಗೆ ಬಿಸಿ ಮಾಡಿದರೆ ಮೈಕ್ರೋಸ್ಕೋಪಿನಲ್ಲಿ ಕಂದು ಬಣ್ಣದ ಹರಳು ಕಾಣುತ್ತವೆ. ಕಾವು ಜಾಸ್ತಿಯಾದರೆ ರಕ್ತವಿದ್ದರೂ ಹರಳು ಬರದೇ ಹೋಗಬಹುದು. ಬಂದರೂ ಅದು ರಕ್ತ ಅಂತ ಗೊತ್ತಾಗುತ್ತದೆ ಅಷ್ಟೇ. ಮನುಷ್ಯನದ್ದೋ ಪ್ರಾಣಿಯದ್ದೋ ಹೇಳದು, ಅದಕ್ಕೆ ಬೇರೆ ಪರೀಕ್ಷೆ ಬೇಕು.